ಟೆನ್ಷನ್ ಇಳಿಸಲು ಎಣ್ಣೆ, ಬೇರು, ಸೊಪ್ಪು: ನಿಮಗೆ ಯಾವುದು ಹತ್ತಿದೆ?

ಬಿಸಿಲೂರ ಮಗಳು, ಕಲಬುರಗಿ
ಏಪ್ರಿಲ್ 9, ರಾತ್ರಿ 10:50

ಎಲ್ಲರಿಗೂ ಶರಣು. ನಾನು ಗಂಜ್ ಕಡೆ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಮಾರ್ಚ್ ಮುಗಿಯಿತು ಅಂದರೆ ನನ್ನ ಕುತ್ತಿಗೆಯೂ ಮುಗಿಯಿತು ಅಂತ ಅರ್ಥ. ಭುಜ ಕಲ್ಲಾಗಿದೆ. ಕಣ್ಣು ಮುಚ್ಚಿದರೆ ತೊಗರಿ ಚೀಲದ ಲೆಕ್ಕ ಓಡುತ್ತದೆ. ಮನೆಗೆ ಬಂದ ಮೇಲೆ ಮಗ ಒಂದು ಮಾತು ಜಾಸ್ತಿ ಆಡಿದರೆ ಸಾಕು, ರೇಗುತ್ತೇನೆ. ಆಮೇಲೆ ನನಗೇ ಬೇಜಾರು.

ಫೋನಿನಲ್ಲಿ ನೋಡಿ ಲ್ಯಾವೆಂಡರ್ ಎಣ್ಣೆ ತರಿಸಿದೆ. 15 ಮಿಲಿ, 199 ರೂಪಾಯಿ. ಜೊತೆಗೆ ಹಬೆ ಬಿಡುವ ಡಿಫ್ಯೂಸರ್ ಕೂಡ. ಮೂರು ದಿನ ಕುತ್ತಿಗೆಗೆ, ಕಪಾಳಕ್ಕೆ ಹಾಗೇ ಹಚ್ಚಿಕೊಂಡೆ. ನಾಲ್ಕನೇ ದಿನ ಕುತ್ತಿಗೆ ತುಂಬ ಕೆಂಪು ದದ್ದು, ತುರಿಕೆ. ಡಿಫ್ಯೂಸರನ್ನು ಕಿಟಕಿ ಮುಚ್ಚಿ ರಾತ್ರಿಯಿಡೀ ಹಚ್ಚಿಟ್ಟೆ. ಬೆಳಿಗ್ಗೆ ತಲೆ ಸಿಡಿಯುತ್ತಿತ್ತು, ಮಗ ಕೆಮ್ಮುತ್ತಿದ್ದ.

ನಮ್ಮ ಅತ್ತೆ ನೋಡಿ ನಕ್ಕು, "ಔಡಲೆಣ್ಣೆ ನೆತ್ತಿಗೆ ಹಾಕಿ ತಿಕ್ಕಿದ್ದರೆ ಇಷ್ಟೊತ್ತಿಗೆ ಗೊರಕೆ ಹೊಡೀತಿದ್ದಿ" ಅಂದರು.

ನಾನು ಎಲ್ಲಿ ತಪ್ಪಿದೆ? ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ? ಪುಸ್ತಕದ ಮಾತು ಬೇಡ, ಮಾಡಿ ನೋಡಿದ್ದು ಹೇಳಿ.

ಸುಮ್ನೆ ಓದುಗ, ಕಲಬುರಗಿ
ಏಪ್ರಿಲ್ 9, ರಾತ್ರಿ 11:02

ಮಾರ್ಚ್‌ಗೆ ಎಣ್ಣೆ ಇಲ್ಲ ಅಕ್ಕಾ. ಏಪ್ರಿಲ್ ಒಂದೇ ಮದ್ದು.

ಕೋಟೆ ಬಾಗಿಲು, ಬೀದರ್
ಏಪ್ರಿಲ್ 10, ಬೆಳಿಗ್ಗೆ 7:15

ಅಕ್ಕೋರೇ, ನನ್ನದು ಔಷಧ ಅಂಗಡಿ. ನಿಮ್ಮಂಥವರು ವಾರಕ್ಕೆ ಒಬ್ಬರಾದರೂ ಕುತ್ತಿಗೆ ತೋರಿಸಿಕೊಂಡು ಬರುತ್ತಾರೆ.

ಮೊದಲನೇ ತಪ್ಪು, ಹಾಗೇ ಹಚ್ಚಿದ್ದು. ಇದು ಕೊಬ್ಬರಿ ಎಣ್ಣೆ ಥರ ಎಣ್ಣೆ ಅಲ್ಲ. ಹೂವು, ಎಲೆ, ಬೇರನ್ನು ಹಬೆಯಲ್ಲಿ ಬೇಯಿಸಿ ಅದರ ವಾಸನೆಯನ್ನಷ್ಟೇ ಹಿಂಡಿ ತೆಗೆದ ಸಾರ. ಗುಲಾಬಿ ಎಣ್ಣೆ ಒಂದು ಕೆಜಿ ಬೇಕಾದರೆ ಮೂರೂವರೆ, ನಾಲ್ಕು ಸಾವಿರ ಕೆಜಿ ಹೂವು ಬೇಕು. ಅಂದರೆ ಒಂದು ಹನಿಯಲ್ಲಿ ಎಷ್ಟು ಹೂವು ಕೂತಿರಬೇಕು ನೋಡಿ. ಅದನ್ನು ಬೇರೆ ಎಣ್ಣೆಯಲ್ಲಿ ಬೆರೆಸಿಯೇ ಹಚ್ಚಬೇಕು.

ಲೆಕ್ಕ ಸುಲಭ, ನಿಮಗಂತೂ ಇನ್ನೂ ಸುಲಭ. ಒಂದು ಮಿಲಿಗೆ ಹೆಚ್ಚುಕಡಿಮೆ 20 ಹನಿ. 30 ಮಿಲಿ ಕುಸುಬಿ ಎಣ್ಣೆಗೆ ಅಥವಾ ಕೊಬ್ಬರಿ ಎಣ್ಣೆಗೆ 12 ಹನಿ ಹಾಕಿದರೆ ನೂರಕ್ಕೆ ಎರಡು ಪಾಲು ಆಯಿತು. ದೊಡ್ಡವರ ಮೈ-ಕೈಗೆ ಅಷ್ಟು ಸಾಕು. ಮುಖಕ್ಕೆ, ವಯಸ್ಸಾದವರಿಗೆ ಅದರ ಅರ್ಧ. ಮೊದಲು ಮೊಣಕೈ ಒಳಮಗ್ಗುಲಿಗೆ ಒಂದು ತೊಟ್ಟು ಹಚ್ಚಿ ಒಂದು ದಿನ ಕಾಯಿರಿ.

ಎರಡನೇದು, ಡಿಫ್ಯೂಸರ್ ರಾತ್ರಿಯಿಡೀ ಅಲ್ಲ. 100 ಮಿಲಿ ನೀರಿಗೆ ಮೂರೋ ನಾಲ್ಕೋ ಹನಿ, ಅರ್ಧ ಗಂಟೆ, ಕಿಟಕಿ ತೆರೆದು. ಅರ್ಧ ಗಂಟೆ ಆದ ಮೇಲೆ ಮೂಗಿಗೆ ಆ ವಾಸನೆ ಗೊತ್ತೇ ಆಗುವುದಿಲ್ಲ, ಆದರೆ ಗಾಳಿಯಲ್ಲಿ ತುಂಬುತ್ತಲೇ ಇರುತ್ತದೆ. ತಲೆನೋವು ಬರದೆ ಇನ್ನೇನು? ಉಬ್ಬಸ, ಅಲರ್ಜಿ ಇರುವ ಮಗು ಮನೆಯಲ್ಲಿದ್ದರೆ ಅದನ್ನು ಹಚ್ಚಲೇಬೇಡಿ.

ದದ್ದಿಗೆ ಈಗ ಏನೂ ಹಚ್ಚಬೇಡಿ. ಮುಂದೆ ಯಾವತ್ತಾದರೂ ಇಂಥ ಎಣ್ಣೆ ಉರಿದರೆ ಮೊದಲು ಅಡುಗೆ ಎಣ್ಣೆಯಲ್ಲಿ ಒರೆಸಿ, ಆಮೇಲೆ ಸೋಪು. ಬರೀ ನೀರು ಹಾಕಿದರೆ ಹೋಗುವುದಿಲ್ಲ. ಎರಡು-ಮೂರು ದಿನದಲ್ಲಿ ಇಳಿಯದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಬಿಸಿಲೂರ ಮಗಳು
ಏಪ್ರಿಲ್ 10, ಬೆಳಿಗ್ಗೆ 8:40

ಅಣ್ಣಾ, 12 ಹನಿ 30 ಮಿಲಿಗೆ! ನಾನು ಬಹುಶಃ 12 ಹನಿ ಬರೀ ಕುತ್ತಿಗೆಗೇ ಹಾಕಿದ್ದೆ. ಬಾಟಲಿಯ ಮೇಲೆ ಇದು ಬರೆದೇ ಇಲ್ಲ. "ಹಚ್ಚಿ, ಹಗುರಾಗಿ" ಅಂತ ಮಾತ್ರ ಇದೆ.

ಅತ್ತರ್ ಗಲ್ಲಿ, ಕಲಬುರಗಿ
ಏಪ್ರಿಲ್ 10, ಮಧ್ಯಾಹ್ನ 3:20

ನಮಸ್ಕಾರ ಆಪಾ. ನಮ್ಮದು ದರ್ಗಾ ಕಡೆ ಅತ್ತರ್ ಅಂಗಡಿ, ಅಜ್ಜನ ಕಾಲದ್ದು. ಬಾಟಲಿಯಲ್ಲಿ ಏನು ಬರೆದಿದೆ ಸರಿಯಾಗಿ ನೋಡಿ. ಗಿಡದ ಶಾಸ್ತ್ರೀಯ ಹೆಸರು ಇದೆಯಾ? ಬ್ಯಾಚ್ ನಂಬರ್ ಇದೆಯಾ? ಇಲ್ಲಾ "ಫ್ರಾಗ್ರನ್ಸ್ ಆಯಿಲ್" ಅಂತ ಇದೆಯಾ? ಹಾಗಿದ್ದರೆ ಅದು ಕಾರ್ಖಾನೆಯ ವಾಸನೆ, ಹೂವು ಅದರ ಹತ್ತಿರವೂ ಸುಳಿದಿರುವುದಿಲ್ಲ. ಊದಿನಕಡ್ಡಿಗೆ, ಸೋಪಿಗೆ ಸರಿ. ಮೈಗೆ ಹಚ್ಚಲು ಅಲ್ಲ.

ಇನ್ನೊಂದು ಪರೀಕ್ಷೆ ಹೇಳುತ್ತೇನೆ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಡಿ. ಲ್ಯಾವೆಂಡರ್, ನೀಲಗಿರಿ, ನಿಂಬೆಹುಲ್ಲಿನ ಎಣ್ಣೆ ಶುದ್ಧವಾಗಿದ್ದರೆ ಆರಿಹೋಗುತ್ತದೆ. ಬಜ್ಜಿ ಕಟ್ಟಿದ ಕಾಗದದ ಹಾಗೆ ಜಿಡ್ಡಿನ ಕಲೆ ಉಳಿದರೆ ಯಾವುದೋ ಎಣ್ಣೆ ಬೆರೆಸಿದ್ದಾರೆ ಅಂತ. ಗಂಧ, ಖಸ್ (ಲಾವಂಚದ ಬೇರು) ಎಣ್ಣೆ ಮಾತ್ರ ಈ ಪರೀಕ್ಷೆಗೆ ಬಗ್ಗುವುದಿಲ್ಲ, ಅವು ಮೊದಲೇ ಮಂದ.

ಅತ್ತರ್ ಬೇರೆ, ಈ ಎಣ್ಣೆ ಬೇರೆ ಅನ್ನುವುದೂ ಜನರಿಗೆ ಗೊತ್ತಿಲ್ಲ. ಅತ್ತರ್ ಅಂದರೆ ಹೂವಿನ ಹಬೆಯನ್ನು ಗಂಧದೆಣ್ಣೆಯಲ್ಲಿ ಹಿಡಿದಿಡುವುದು. ಉತ್ತರ ಪ್ರದೇಶದ ಕನ್ನೌಜ್‌ನಲ್ಲಿ ಇವತ್ತಿಗೂ ತಾಮ್ರದ ಹಂಡೆ, ಬಿದಿರಿನ ಕೊಳವೆ ಇಟ್ಟು ಹಾಗೇ ತೆಗೆಯುತ್ತಾರೆ. ಆದರೆ ಗಂಧದೆಣ್ಣೆ ಬೆಲೆ ಆಕಾಶಕ್ಕೆ ಹೋದ ಮೇಲೆ ಬಹಳಷ್ಟು ಕಡೆ ಪ್ಯಾರಾಫಿನ್ ಎಣ್ಣೆ ಬಂದಿದೆ. ನೂರು ರೂಪಾಯಿಗೆ "ಅಸಲಿ ಗಂಧ" ಕೇಳುವವರಿಗೆ ನಾನು ಕೈ ಮುಗಿಯುತ್ತೇನೆ.

ನನ್ನ ಹತ್ತಿರ ಬೇಸಿಗೆಯಲ್ಲಿ ಹೋಗುವುದು ಎರಡೇ, ಖಸ್ ಮತ್ತು ಮಿಟ್ಟಿ, ಅಂದರೆ ಮಣ್ಣಿನ ವಾಸನೆಯ ಅತ್ತರ್. ಒಂದು ಅರಳೆಗೆ ತಾಗಿಸಿ ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳಿ. ಸಂಜೆತನಕ ಇರುತ್ತದೆ. ಟೆನ್ಷನ್ ಹೋಗುತ್ತದೆ ಅಂತ ನಾನು ಬೋರ್ಡು ಹಾಕಿಲ್ಲ. ಅತ್ತರ್ ಮಾರುತ್ತೇನೆ, ದವಾ ಮಾರುವುದಿಲ್ಲ.

ರೊಟ್ಟಿ-ಹಿಂಡಿ, ಕಲಬುರಗಿ
ಏಪ್ರಿಲ್ 10, ಸಂಜೆ 6:05

ಖಸ್ ಅಂದಾಗ ನೆನಪಾಯಿತು. ಹೋದ ವರ್ಷ ನಮ್ಮ ಮನೆಯವರಿಗೆ ಫೋನ್ ಮಾಡಿ "ಬರುವಾಗ ಕಾಲು ಕೆಜಿ ಖಸ್ ತನ್ನಿ, ಕೊಡದ ನೀರಿಗೆ ಹಾಕಬೇಕು" ಅಂದೆ. ಅವರು ಕಸಕಸಿ ತಂದರು. ಕಾಲು ಕೆಜಿ! ಅದರ ರೇಟು ನಿಮಗೆ ಗೊತ್ತಲ್ಲ. ಟೆನ್ಷನ್ ಇಳಿಸಲು ತರಿಸಿದ್ದು, ಬಿಲ್ಲು ನೋಡಿ ಬಿಪಿ ಏರಿತು. ಆರು ತಿಂಗಳು ಪಾಯಸ ಮಾಡಿದ್ದೇ ಮಾಡಿದ್ದು.

ಅಂಗಡಿಯಲ್ಲಿ "ಲಾವಂಚ" ಅಂತಲೇ ಕೇಳಿ. ಬೀದರ್ ಕಡೆ ಮರಾಠಿಯವರಿಗೆ "ವಾಳಾ" ಅಂದರೆ ಗೊತ್ತಾಗುತ್ತದೆ.

ಭೀಮಾ ತೀರ, ಯಾದಗಿರಿ ಜಿಲ್ಲೆ
ಏಪ್ರಿಲ್ 11, ಬೆಳಿಗ್ಗೆ 5:50

ಹೊಲಕ್ಕೆ ನೀರು ಬಿಟ್ಟು ಕೂತಿದ್ದೇನೆ, ಕರೆಂಟು ಇದೇ ಹೊತ್ತಿಗೆ ಬರುವುದು. ಅದಕ್ಕೇ ಬರೆಯಲು ಪುರುಸೊತ್ತು.

ನಮ್ಮ ಬದುವಿನ ಮೇಲೆ ಲಾವಂಚ ಇದೆ. ಮಣ್ಣು ಕೊಚ್ಚಿ ಹೋಗಬಾರದು ಅಂತ ಹಚ್ಚಿದ್ದು. ಬೇರು ಆಳಕ್ಕೆ ನೆಟ್ಟಗೆ ಇಳಿಯುತ್ತದೆ, ಎರೆಮಣ್ಣನ್ನು ಹಿಡಿದು ಬಿಡುವುದಿಲ್ಲ. ಹಳೇ ಬುಡ ಒಂದು ಅಗೆದರೆ ಇಡೀ ಓಣಿ ಘಮ್ ಅನ್ನುತ್ತದೆ. ನಮ್ಮ ಅವ್ವ ಬೇರನ್ನು ತೊಳೆದು, ಒಣಗಿಸಿ, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ನೀರಿನ ಕೊಡದಲ್ಲಿ ಬಿಡುತ್ತಾಳೆ. ಎರಡು-ಮೂರು ದಿನಕ್ಕೊಮ್ಮೆ ಬಿಸಿಲಿಗೆ ಇಟ್ಟು ಮತ್ತೆ ಹಾಕುತ್ತಾಳೆ. ಮಧ್ಯಾಹ್ನ ಹೊಲದಿಂದ ಬಂದು ಆ ನೀರು ಕುಡಿದು, ಬೇವಿನ ಗಿಡದ ಕೆಳಗೆ ಹೊರಸು ಹಾಕಿ ಮಲಗಿದರೆ ಯಾವ ಡಿಫ್ಯೂಸರೂ ಬೇಡ.

ಪೇಟೆಯಲ್ಲಿ ಹಚ್ಚ ಹಸಿರು ಖಸ್ ಶರಬತ್ತು ಸಿಗುತ್ತದಲ್ಲ, ಆ ಹಸಿರು ಬಣ್ಣ ಹಾಕಿದ್ದು. ಬೇರಿನ ನೀರಿಗೆ ಅಂಥ ಬಣ್ಣ ಬರುವುದೇ ಇಲ್ಲ. ಕೂಲರ್‌ಗೆ "ಖಸ್ ಪ್ಯಾಡ್" ಅಂತ ಕೊಡುವುದೂ ಎಷ್ಟೋ ಸಲ ಹಸಿರು ಬಳಿದ ಮರದ ತುರಿ. ಮೂಸಿ ನೋಡಿ ತನ್ನಿ.

ಇನ್ನೊಂದು. ಹಳ್ಳದ ದಂಡೆಗೆ ಲಕ್ಕಿ ಗಿಡ ಇರುತ್ತದೆ. ಐದೈದು ಎಲೆ, ನೇರಳೆ ಹೂವು, ದನ ಬಾಯಿ ಹಾಕುವುದಿಲ್ಲ. ನಮ್ಮ ಮುತ್ಯಾ ಅದರ ಎಲೆ ನೆರಳಲ್ಲಿ ಒಣಗಿಸಿ ತಲೆದಿಂಬಿಗೆ ತುಂಬುತ್ತಿದ್ದ. ತಲೆ ಭಾರ ಇಳಿಯುತ್ತದೆ ಅನ್ನುತ್ತಿದ್ದ. ನನಗೆ ಆ ದಿಂಬಿನ ವಾಸನೆ ಬಂದರೆ ಈಗಲೂ ಮುತ್ಯಾನ ಕತೆ ಕೇಳುತ್ತಾ ಮಲಗಿದ್ದೇ ಕಣ್ಣಮುಂದೆ ಬರುತ್ತದೆ. ಮದ್ದು ಎಲೆಯದ್ದೋ ಮುತ್ಯಾಂದೋ ನನಗೆ ಗೊತ್ತಿಲ್ಲ.

ಸುಮ್ನೆ ಓದುಗ
ಏಪ್ರಿಲ್ 11, ಬೆಳಿಗ್ಗೆ 9:30

ಭೀಮಾ ಅಣ್ಣಾ, ಕೊನೇ ಸಾಲಿನಲ್ಲಿ ಎಲ್ಲಾ ಹೇಳಿಬಿಟ್ಟಿರಿ. ನಾನು ವಿಜ್ಞಾನ ಹೇಳಿಕೊಡುವ ಮೇಷ್ಟ್ರು, ಸ್ವಲ್ಪ ಕೊರೆಯಲು ಬಿಡಿ.

ಕಣ್ಣು, ಕಿವಿಯಿಂದ ಹೋಗುವ ಸುದ್ದಿ ಮಿದುಳಿನ ನಡುವಿನ ಒಂದು ಕಚೇರಿಗೆ ಮೊದಲು ಹೋಗಿ, ಅಲ್ಲಿಂದ ಮುಂದಿನ ಟೇಬಲ್ಲಿಗೆ ಹೋಗುತ್ತದೆ. ವಾಸನೆಗೆ ಆ ಕಾಯುವಿಕೆ ಇಲ್ಲ. ಮೂಗಿನ ಮೇಲಿನ ನರದಿಂದ ಭಯ, ಸಿಟ್ಟು, ನೆನಪು ನೋಡಿಕೊಳ್ಳುವ ಜಾಗಕ್ಕೆ ಹತ್ತಿರದ ದಾರಿ ಇದೆ. ಅದಕ್ಕೇ ಒಂದು ವಾಸನೆ ಬಂದ ತಕ್ಷಣ ಮೂವತ್ತು ವರ್ಷದ ಹಿಂದಿನ ಅಡುಗೆಮನೆ ಕಾಣುತ್ತದೆ. ನಮ್ಮ ಎರೆಭೂಮಿಗೆ ಮೊದಲ ಮಳೆ ಬಿದ್ದಾಗ ಬರುವ ವಾಸನೆಯನ್ನೇ ನೋಡಿ. ಮಣ್ಣಿನ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಅನ್ನುವ ವಸ್ತುವಿಗೆ ಅದರಲ್ಲಿ ದೊಡ್ಡ ಪಾಲಿದೆ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಆ ವಾಸನೆಗೆ ಪೆಟ್ರಿಕೋರ್ ಅಂತ ಹೆಸರಿಟ್ಟರು. ಅತ್ತರ್ ಭಾಯ್ ಹೇಳಿದ ಕನ್ನೌಜ್‌ನವರು ಅದಕ್ಕೂ ಮೊದಲೇ ಸುಟ್ಟ ಮಣ್ಣನ್ನು ಹಬೆಗಿಟ್ಟು ಅದನ್ನೇ ಬಾಟಲಿಯಲ್ಲಿ ತುಂಬಿ ಮಾರುತ್ತಿದ್ದರು.

ಆದರೆ ಲ್ಯಾವೆಂಡರ್ ಮೂಸಿದರೆ ಟೆನ್ಷನ್ ಇಳಿಯುತ್ತದೆ ಅನ್ನುವ ಅಧ್ಯಯನಗಳನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಬಹಳಷ್ಟು ಚಿಕ್ಕವು. ಆಮೇಲೆ ಮಾತ್ರೆ ಆದರೆ ಒಬ್ಬರಿಗೆ ನಿಜವಾದದ್ದು, ಒಬ್ಬರಿಗೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ವಾಸನೆಯನ್ನು ಹೇಗೆ ಬಚ್ಚಿಡುತ್ತೀರಿ? ಮೂಸಿದವನಿಗೆ ಗೊತ್ತಾಗೇ ಆಗುತ್ತದೆ. ಸ್ವಲ್ಪ ಹಿತ ಆಗುತ್ತದೆ ಅನ್ನಬಹುದು, ಅಷ್ಟೇ.

ನನ್ನ ಅನುಮಾನ ಏನಂದರೆ, ನಿಮ್ಮನ್ನು ಹತ್ತು ನಿಮಿಷ ಸುಮ್ನೆ ಕೂರಿಸುವುದೇ ಆ ಬಾಟಲಿಯ ದೊಡ್ಡ ಕೆಲಸ.

ಆರೋಗ್ಯ ಸಂಜೀವಿನಿ, ಊರು ಹಾಕಿಲ್ಲ
ಏಪ್ರಿಲ್ 11, ಮಧ್ಯಾಹ್ನ 12:10

ನಮಸ್ಕಾರ ಸ್ನೇಹಿತರೇ. ನಮ್ಮ ಎಣ್ಣೆ ಥೆರಪ್ಯೂಟಿಕ್ ಗ್ರೇಡ್, ಅಂದರೆ ಔಷಧ ದರ್ಜೆ, ನೂರಕ್ಕೆ ನೂರು ಶುದ್ಧ. ಆದ್ದರಿಂದ ಕುಡಿಯಲೂಬಹುದು. ಬೆಳಿಗ್ಗೆ ನೀರಿಗೆ ಮೂರು ಹನಿ ನಿಂಬೆ ಎಣ್ಣೆ, ರಾತ್ರಿ ಎರಡು ಹನಿ ಲ್ಯಾವೆಂಡರ್. ಬಿಪಿ, ಶುಗರ್, ಟೆನ್ಷನ್ ಎಲ್ಲಾ ಕಂಟ್ರೋಲ್. ಸದಸ್ಯರಾದರೆ ರಿಯಾಯಿತಿ ಇದೆ. ಇನ್ನಿಬ್ಬರನ್ನು ಸೇರಿಸಿದರೆ

ವೇದಿಕೆ ನಿರ್ವಾಹಕಿ
ಏಪ್ರಿಲ್ 11, ಮಧ್ಯಾಹ್ನ 12:40

ಉಳಿದ ಸಾಲು, ಫೋನ್ ನಂಬರ್ ಎರಡನ್ನೂ ತೆಗೆದಿದ್ದೇನೆ. ಇಲ್ಲಿ ವ್ಯಾಪಾರ ಬೇಡ. ಮೇಲಿನಷ್ಟು ಉಳಿಸಿದ್ದು ಕೋಟೆ ಬಾಗಿಲು ಅಣ್ಣ ಉತ್ತರ ಕೊಡಲಿ ಅಂತ.

ಕೋಟೆ ಬಾಗಿಲು
ಏಪ್ರಿಲ್ 11, ಮಧ್ಯಾಹ್ನ 1:25

ಊಟಕ್ಕೆ ಕೂತಿದ್ದೆ, ಎದ್ದು ಬಂದೆ.

"ಥೆರಪ್ಯೂಟಿಕ್ ಗ್ರೇಡ್" ಅಂತ ಸರ್ಟಿಫಿಕೇಟ್ ಕೊಡುವ ಸರ್ಕಾರಿ ಇಲಾಖೆ ಯಾವ ದೇಶದಲ್ಲೂ ಇಲ್ಲ. ಅದು ಮಾರುವವರು ತಾವೇ ಅಂಟಿಸಿಕೊಂಡ ಹೆಸರು. ಶುದ್ಧ ಅಂದ ಮಾತ್ರಕ್ಕೆ ಕುಡಿಯಬಹುದು ಅಂತಲೂ ಅಲ್ಲ. ಸೀಮೆಎಣ್ಣೆಯೂ ಶುದ್ಧ ಸಿಗುತ್ತದೆ. ಈ ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಲೋಟದ ಮೇಲೆ ತೇಲುತ್ತದೆ, ಹಾಗೇ ಗಂಟಲು, ಹೊಟ್ಟೆಯ ಒಳಪದರಕ್ಕೆ ಅಂಟುತ್ತದೆ. ಲ್ಯಾವೆಂಡರ್ ಎಣ್ಣೆಯನ್ನು ಅಳತೆ ಮಾಡಿ ಕ್ಯಾಪ್ಸೂಲಿನಲ್ಲಿ ತುಂಬಿ ಔಷಧವಾಗಿ ಕೊಡುವುದು ಜರ್ಮನಿಯಲ್ಲಿ ಇದೆ, ನಿಜ. ಬಾಟಲಿಯಿಂದ ಹನಿ ಎಣಿಸಿ ಕುಡಿಯುವುದು ಅದಲ್ಲ.

ನಿಂಬೆ ಎಣ್ಣೆ ಬಗ್ಗೆ ನಮ್ಮ ಕಡೆಯವರು ಇನ್ನೊಂದು ಗೊತ್ತಿರಬೇಕು. ಸಿಪ್ಪೆ ಹಿಂಡಿ ತೆಗೆದ ನಿಂಬೆ, ಬರ್ಗಮಾಟ್ (ಅದೂ ನಿಂಬೆ ಜಾತಿಯದೇ) ಎಣ್ಣೆ ಚರ್ಮಕ್ಕೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಬರುತ್ತದೆ, ಆಮೇಲೆ ಕಪ್ಪು ಕಲೆ. ಹಚ್ಚಿದ 12 ಗಂಟೆಯಾದರೂ ಬಿಸಿಲಿಗೆ ಆ ಜಾಗ ತೋರಿಸಬಾರದು. ಮೇ ತಿಂಗಳ ಕಲಬುರಗಿಯಲ್ಲಿ ಅದು ಆಗುವ ಮಾತೇ?

ರಾತ್ರಿ ಪಾಳಿ, ಕಲಬುರಗಿ
ಏಪ್ರಿಲ್ 12, ಬೆಳಿಗ್ಗೆ 9:05

ಡ್ಯೂಟಿ ಮುಗಿಸಿ ಈಗ ಮನೆಗೆ ಬಂದೆ. ಮಲಗುವ ಮೊದಲು ಒಂದು ಮಾತು. ನಾನು ನರ್ಸ್.

ನೀವೆಲ್ಲ ಲ್ಯಾವೆಂಡರ್ ಹಿಂದೆ ಬಿದ್ದಿದ್ದೀರಿ. ನಮ್ಮ ಮನೆಗಳಲ್ಲಿ ನಿಜವಾಗಿ ಅಪಾಯ ಮಾಡುವುದು ಕರ್ಪೂರ ಮತ್ತು ನೀಲಗಿರಿ ಎಣ್ಣೆ. ಮಗುವಿಗೆ ನೆಗಡಿ ಅಂತ ಕರ್ಪೂರವನ್ನು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಎದೆಗೆ, ಮೂಗಿಗೆ ಹಚ್ಚುತ್ತಾರೆ. ಜಗಲಿಯ ಮೇಲಿಟ್ಟ ಕರ್ಪೂರದ ಬಿಲ್ಲೆಯನ್ನು ಕೂಸು ಪೆಪ್ಪರಮೆಂಟು ಅಂತ ಬಾಯಿಗೆ ಹಾಕಿಕೊಳ್ಳುತ್ತದೆ. ಸ್ವಲ್ಪವೇ ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತು. ಹಾಗಾದರೆ ವಾಂತಿ ಮಾಡಿಸಲು ಹೋಗಬೇಡಿ, ಬಿಲ್ಲೆಯ ಪೊಟ್ಟಣದ ಸಮೇತ ಆಸ್ಪತ್ರೆಗೆ ಓಡಿ. ನೀಲಗಿರಿ ಎಣ್ಣೆಯೂ ಅಷ್ಟೇ. ಫಿಟ್ಸ್ ಇರುವ ದೊಡ್ಡವರಿಗೂ ಅದರ ಘಾಟು ಒಳ್ಳೆಯದಲ್ಲ. ನೋವಿನ ಮುಲಾಮಿನಲ್ಲಿ ಇವೆರಡೂ ಇರುತ್ತವೆ, ಹಿಂದಿನ ಚೀಟಿ ಓದಿ.

ಬಸುರಿಯರು, ಹಾಲುಣಿಸುವವರು ಡಾಕ್ಟರನ್ನು ಕೇಳದೆ ಈ ಎಣ್ಣೆಗಳ ತಂಟೆಗೆ ಹೋಗಬೇಡಿ. ಬೆಕ್ಕು ಸಾಕಿದವರೂ ಡಿಫ್ಯೂಸರ್ ಹಚ್ಚಬೇಡಿ, ಬೆಕ್ಕಿನ ಲಿವರಿಗೆ ಇವನ್ನು ಅರಗಿಸುವ ಶಕ್ತಿ ಕಡಿಮೆ.

ನಾನು ಏನು ಮಾಡುತ್ತೇನೆ ಅಂದರೆ, ಡ್ಯೂಟಿ ಮುಗಿಸಿ ಬಂದು ಬಿಸಿನೀರಿನಲ್ಲಿ ಕಾಲು ಇಡುತ್ತೇನೆ. ಹಿತ್ತಲಿನ ತುಳಸಿ, ಪುದೀನಾ ಕೈಯಲ್ಲಿ ಹೊಸಕಿ ಅದಕ್ಕೇ ಹಾಕುತ್ತೇನೆ. ವಾರ್ಡಿನ ಫಿನಾಯಿಲ್ ವಾಸನೆ ಮೂಗಿನಿಂದ ಇಳಿಯಬೇಕಲ್ಲ. ಅದು ಇಳಿದರೆ ನನಗೆ ಡ್ಯೂಟಿ ಮುಗಿಯಿತು ಅಂತ.

ಜಿಮ್ ಹುಡುಗ, ಬೀದರ್
ಏಪ್ರಿಲ್ 12, ರಾತ್ರಿ 8:15

ಅಶ್ವಗಂಧದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಜಿಮ್‌ನಲ್ಲಿ ಎಲ್ಲರೂ ತಗೋತಾರೆ. ಟೆನ್ಷನ್‌ಗೂ ಒಳ್ಳೇದಂತೆ. ನಮ್ಮ ಅಮ್ಮನಿಗೂ ಕೊಡಲಾ? ಅವರಿಗೆ ಥೈರಾಯ್ಡ್ ಗುಳಿಗೆ ನಡೆಯುತ್ತಿದೆ.

ಕೋಟೆ ಬಾಗಿಲು
ಏಪ್ರಿಲ್ 12, ರಾತ್ರಿ 9:40

ಬೇಡ ತಮ್ಮಾ. ಅಮ್ಮನಿಗೆ ಡಾಕ್ಟರನ್ನು ಕೇಳದೆ ಕೊಡಬೇಡ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ಗುಳಿಗೆ ಒಂದು ಕಡೆ, ಇದು ಒಂದು ಕಡೆ ಎಳೆದರೆ ಎದೆ ಡವಡವ ಅನ್ನುತ್ತದೆ. ನಿದ್ರೆ ಗುಳಿಗೆ ತಗೊಳ್ಳುವವರಿಗೆ ಮಂಪರು ಜಾಸ್ತಿ ಆಗಬಹುದು. ಅಪರೂಪಕ್ಕೆ ಲಿವರ್ ಕೆಟ್ಟಿದ್ದೂ ವರದಿಯಾಗಿದೆ. ಬಸುರಿಯರಿಗೆ ಬೇಡವೇ ಬೇಡ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ಅದು ಅತಿ ಅಂತ ನಮ್ಮ ಆಯುರ್ವೇದದವರು ಹೇಳುತ್ತಾರೆ, ಇರಲಿ.

ಒತ್ತಡಕ್ಕೆ ಉಪಯೋಗ ಇಲ್ಲ ಅಂತ ನಾನು ಹೇಳುವುದಿಲ್ಲ. ಇಷ್ಟು ಗಿಡಮೂಲಿಕೆಗಳಲ್ಲಿ ಸ್ವಲ್ಪ ಗಟ್ಟಿ ಪುರಾವೆ ಇರುವುದೇ ಅದಕ್ಕೆ. ಅಧ್ಯಯನಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ 300ರಿಂದ 600 ಮಿಲಿಗ್ರಾಂ ಬೇರಿನ ಸಾರ, ಆರೆಂಟು ವಾರ ಕೊಟ್ಟು ನೋಡಿದ್ದಾರೆ. ವರ್ಷಗಟ್ಟಲೆ ಅಲ್ಲ. ಡಬ್ಬಿಯ ಮೇಲೆ "ಬೇರು" ಅಂತ ಇದೆಯಾ ನೋಡು, ಎಲೆ ಬೆರೆಸಿದ್ದು ಬೇಡ. ನಮ್ಮ ಹಳ್ಳಿಯವರು ಹಿರೇಮದ್ದಿನ ಗಿಡ ಅನ್ನುತ್ತಾರಲ್ಲ, ಅದೇ ಇದು.

ಜ್ಯೇಷ್ಠಮಧು ಕೂಡ ದಿನಾ ಕಷಾಯ ಮಾಡಿ ಕುಡಿಯುವವರಿದ್ದಾರೆ. ಬಿಪಿ ಇದ್ದವರು ಬಿಡಿ, ಅದು ಬಿಪಿ ಏರಿಸುತ್ತದೆ. ಜಾಜಿಕಾಯಿ ಹಾಲಿಗೆ ಚಿಟಿಕೆ ಸರಿ, ಚಮಚ ಹಾಕಿದರೆ ತಲೆ ಕೆಡುತ್ತದೆ. ಉತ್ಪ್ರೇಕ್ಷೆ ಅಲ್ಲ, ಇಲ್ಲದ್ದೆಲ್ಲ ಕಾಣಲು ಶುರುವಾಗುತ್ತದೆ.

ರೊಟ್ಟಿ-ಹಿಂಡಿ
ಏಪ್ರಿಲ್ 13, ಬೆಳಿಗ್ಗೆ 11:00

ಕ್ಯಾಮೊಮೈಲ್ ಹೂವಿನ ಚಹಾ ಅಂತ ಒಂದು ಬಂದಿದೆಯಲ್ಲ, ನಮ್ಮ ನಾದಿನಿ ಬೆಂಗಳೂರಿನಿಂದ ತಂದುಕೊಟ್ಟಳು. ಕುಡಿದ ಮೇಲೆ ತುಟಿ, ಕಣ್ಣು ಊದಿತು. ನನಗೆ ಮೊದಲಿನಿಂದ ಕಾಂಗ್ರೆಸ್ ಕಸದ ಅಲರ್ಜಿ. ಡಾಕ್ಟರು ಹೇಳಿದರು, ಎರಡೂ ಒಂದೇ ಕುಟುಂಬದವಂತೆ. ಸೇವಂತಿ, ದವನ ಕೂಡ ಅದೇ ಬಳಗ. ದವನದ ಹುಣ್ಣಿಮೆ ಜಾತ್ರೆಯಲ್ಲಿ ಪ್ರತಿ ವರ್ಷ ನನಗೇ ಯಾಕೆ ಸೀನು ಬರುತ್ತದೆ ಅಂತ ನಲವತ್ತನೇ ವಯಸ್ಸಿಗೆ ಗೊತ್ತಾಯಿತು. ಕಾಂಗ್ರೆಸ್ ಕಸ ಮೈಗೆ ಆಗದವರು ಹುಷಾರು.

ಸುಮ್ನೆ ಓದುಗ
ಏಪ್ರಿಲ್ 13, ಬೆಳಿಗ್ಗೆ 11:20

ನಮ್ಮ ಊರಲ್ಲಿ ಅದು ಆಗದವರೇ ಜಾಸ್ತಿ ಅಕ್ಕಾ.

ಅಂದ ಹಾಗೆ, ಒಂದು ಪ್ರಶ್ನೆ ಎಲ್ಲರಿಗೂ. ದಿನಕ್ಕೆ ಎಷ್ಟು ಚಹಾ? ನಾನು ಎಣಿಸಿದೆ. ಶಾಲೆಯಲ್ಲಿ ನಾಲ್ಕು, ಮನೆಯಲ್ಲಿ ಮೂರು. ಕೊನೇದು ರಾತ್ರಿ ಒಂಬತ್ತಕ್ಕೆ. ಸಂಜೆ ನಾಲ್ಕರ ಮೇಲಿನದ್ದು ಬಿಟ್ಟೆ, ಅದರ ಬದಲು ನಿಂಬೆಹುಲ್ಲು ಕುದಿಸಿ ಕುಡಿಯುತ್ತೇನೆ. ನಿದ್ರೆ ಸುಧಾರಿಸಿದೆ. ನಿಂಬೆಹುಲ್ಲಿಗೆ ಹೊಗಳಿಕೆ ಸಿಗುತ್ತಿದೆ, ಕೆಲಸ ಮಾಡಿದ್ದು ಬಿಟ್ಟ ಚಹಾ ಅಂತ ನನಗೆ ಗುಮಾನಿ.

ಮಧ್ಯಾಹ್ನದ ಫೈಲು, ಕಲಬುರಗಿ
ಏಪ್ರಿಲ್ 14, ಮಧ್ಯಾಹ್ನ 2:30

ನಮ್ಮದು ಏಪ್ರಿಲ್, ಮೇನಲ್ಲಿ ಬೆಳಿಗ್ಗೆ 8ರಿಂದ 1:30ರ ಕಚೇರಿ, ಬಿಸಿಲ ನಾಡಿನ ಭಾಗ್ಯ. ಮನೆಗೆ ಬಂದು ಇದೆಲ್ಲ ಓದುತ್ತಿದ್ದೇನೆ.

ಒಂದು ಅನುಭವ. ಬೈಕಿನ ಡಿಕ್ಕಿಯಲ್ಲಿ ಎಣ್ಣೆ ಬಾಟಲಿ ಮರೆತಿದ್ದೆ. ಎರಡು ವಾರ, ಹೊರಗೆ 42 ಡಿಗ್ರಿ. ತೆಗೆದಾಗ ಡ್ರಾಪರಿನ ರಬ್ಬರು ಅಂಟಂಟು, ಎಣ್ಣೆಯ ವಾಸನೆ ಹುಳಿ. ದುಡ್ಡು ಕೊಟ್ಟಿದ್ದಲ್ಲ ಅಂತ ಹಚ್ಚಿಕೊಂಡೆ, ತುರಿಕೆ.

ಕೋಟೆ ಬಾಗಿಲು
ಏಪ್ರಿಲ್ 14, ಸಂಜೆ 5:10

ಬಿಸಿಲೂರ ಅಕ್ಕೋರ ದದ್ದಿಗೂ ಇದು ಕಾರಣ ಇರಬಹುದು. ಲ್ಯಾವೆಂಡರಿನಲ್ಲಿ ಲಿನಲೂಲ್ ಅಂತ ಇರುತ್ತದೆ, ಆ ವಾಸನೆಯ ಮುಖ್ಯ ಭಾಗ. ಗಾಳಿ ತಾಗಿ ಹಳಸಿದರೆ ಅದು ಅಲರ್ಜಿ ತರುವ ವಸ್ತುವಾಗಿ ಬದಲಾಗುತ್ತದೆ. ಬಿಸಿ ಇದ್ದರೆ ಇನ್ನೂ ಬೇಗ. ಈ ಬಾಟಲಿಗಳು ಲಾರಿಯಲ್ಲಿ, ಗೋದಾಮಿನಲ್ಲಿ ಎಷ್ಟು ದಿನ ಬೆಂದಿರುತ್ತವೋ ಯಾರಿಗೆ ಗೊತ್ತು. ಕಂದು ಗಾಜಿನ ಚಿಕ್ಕ ಬಾಟಲಿ ತನ್ನಿ, ತೆರೆದ ದಿನ ಅದರ ಮೇಲೆ ಬರೆಯಿರಿ, ಬೇಸಿಗೆಯಲ್ಲಿ ಫ್ರಿಜ್ಜಿನ ಬಾಗಿಲಲ್ಲಿ ಇಡಿ. ಮಕ್ಕಳ ಕೈಗೆ ಸಿಗದ ಹಾಗೆ. ವರ್ಷ ದಾಟಿದ ನಿಂಬೆ, ಕಿತ್ತಳೆ ಎಣ್ಣೆಯಲ್ಲಿ ನೆಲ ಒರೆಸಿ.

ಹೆಸರು ಬೇಡ
ಏಪ್ರಿಲ್ 15, ಬೆಳಗಿನ ಜಾವ 3:10

ಎಲ್ಲಾ ಓದಿದೆ. ನನಗೆ ಎರಡು ತಿಂಗಳಿಂದ ನಿದ್ರೆ ಇಲ್ಲ. ಹೋದ ಮುಂಗಾರಿನ ತೊಗರಿ ಹೋಯಿತು, ಸಾಲ ಇದೆ. ಊಟ ಸೇರುವುದಿಲ್ಲ. ಯಾರ ಜೊತೆಗೂ ಮಾತು ಬೇಡ ಅನಿಸುತ್ತದೆ. ಯಾವ ಬೇರು ತಗೊಂಡರೆ ನಿದ್ರೆ ಬರುತ್ತದೆ?

ಭೀಮಾ ತೀರ
ಏಪ್ರಿಲ್ 15, ಬೆಳಿಗ್ಗೆ 5:35

ಅಣ್ಣಾ, ನಾನೂ ತೊಗರಿ ಹಾಕಿದವನೇ. ನೆಟೆ ರೋಗ ಬಂದು ಹೊಲ ನಿಂತಲ್ಲೇ ಒಣಗಿದ ವರ್ಷ ನನಗೂ ಹೀಗೇ ಆಗಿತ್ತು. ಬೇರು ಕೇಳಬೇಡಿ, ಇದು ಬೇರಿಗೆ ಬಗ್ಗುವುದಲ್ಲ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು. ದುಡ್ಡು ಇಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಮೊದಲ ಸಲ ಮಾಡಿದಾಗ ಏನು ಹೇಳಬೇಕು ಗೊತ್ತಾಗದೆ ಸುಮ್ನೆ ಇದ್ದೆ. ಅವರೂ ಕಾಯ್ದರು. ಆಮೇಲೆ ಜಿಲ್ಲಾ ಆಸ್ಪತ್ರೆಗೆ ಹೋದೆ, ಕೆಲವು ತಿಂಗಳು ಗುಳಿಗೆ ನಡೆಯಿತು.

ಇವತ್ತೇ ಮಾಡಿ. ಸಾಯುವ ವಿಚಾರ ಏನಾದರೂ ತಲೆಗೆ ಬರುತ್ತಿದ್ದರೆ ಒಬ್ಬರೇ ಇರಬೇಡಿ, ಮನೆಯವರನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮಾಡಿದ ಮೇಲೆ ಇಲ್ಲಿ ಒಂದು ಮಾತು ಬರೆಯಿರಿ. ನಾನು ನೋಡುತ್ತಾ ಇರುತ್ತೇನೆ.

ರಾತ್ರಿ ಪಾಳಿ
ಏಪ್ರಿಲ್ 15, ಬೆಳಿಗ್ಗೆ 5:50

ನಾನೂ ಎಚ್ಚರ ಇದ್ದೇನೆ ಅಣ್ಣಾ. ಬರೆಯಿರಿ.

ಹೆಸರು ಬೇಡ
ಏಪ್ರಿಲ್ 15, ಮಧ್ಯಾಹ್ನ 12:20

ಮಾಡಿದೆ. ಮಾತಾಡಿದರು. ನಾಳೆ ತಮ್ಮನ ಜೊತೆ ಆಸ್ಪತ್ರೆಗೆ ಹೋಗುತ್ತೇನೆ.

ಬಿಸಿಲೂರ ಮಗಳು
ಜೂನ್ 8, ರಾತ್ರಿ 9:30

ಎರಡು ತಿಂಗಳಾಯಿತು. ದದ್ದು ವಾಸಿಯಾಗಿದೆ. ಆ ಬಾಟಲಿಯಲ್ಲಿ ಗಿಡದ ಹೆಸರೂ ಇರಲಿಲ್ಲ, ಬ್ಯಾಚೂ ಇರಲಿಲ್ಲ. ಕಾಗದದ ಮೇಲೆ ಹನಿ ಬಿಟ್ಟೆ, ಕಲೆ ಇನ್ನೂ ಹಾಗೇ ಇದೆ. ಮಗ ಅದರ ಮೇಲೆ ಮೀನು ಬರೆದಿದ್ದಾನೆ.

ಈಗ ಹೇಗೆ ಅಂದರೆ, ವಾರಕ್ಕೆ ಎರಡು ಸಲ ಅತ್ತೆ ನೆತ್ತಿಗೆ ಔಡಲೆಣ್ಣೆ, ಕೊಬ್ಬರಿ ಎಣ್ಣೆ ಕೂಡಿಸಿ ತಿಕ್ಕುತ್ತಾರೆ. ಅರ್ಧ ಗಂಟೆ ಅವರ ಕಾಲ ಹತ್ತಿರ ನೆಲದ ಮೇಲೆ ಕೂರಬೇಕು, ಫೋನ್ ಮುಟ್ಟುವ ಹಾಗಿಲ್ಲ, ಕೈಯೆಲ್ಲ ಎಣ್ಣೆ. ಮೊದಮೊದಲು ಇಬ್ಬರಿಗೂ ಮಾತಿರಲಿಲ್ಲ. ಆಮೇಲೆ ಅವರು ಸೊಸೆಯಾಗಿ ಬಂದ ಹೊಸತರ ಸುದ್ದಿ ಹೇಳಲು ಶುರು ಮಾಡಿದರು. ಹದಿಮೂರು ವರ್ಷದಲ್ಲಿ ಕೇಳಿರದ ಸುದ್ದಿ. ಅತ್ತರ್ ಭಾಯ್ ಅಂಗಡಿ ಇರಬೇಕು, ದರ್ಗಾ ಕಡೆ ಹೋದಾಗ ಒಂದು ಚಿಕ್ಕ ಶೀಶೆ ಖಸ್ ತಂದೆ. ಅರಳೆಗೆ ತಾಗಿಸಿ ಲೆಕ್ಕದ ಪುಸ್ತಕದ ನಡುವೆ ಇಡುತ್ತೇನೆ. ಕುತ್ತಿಗೆ ಇನ್ನೂ ನೋಯುತ್ತದೆ. ಕುರ್ಚಿ ಬದಲಿಸಿ ಅಂತ ಸಾಹುಕಾರರಿಗೆ ಹೇಳಿದ್ದೇನೆ, ನೋಡೋಣ ಅಂದಿದ್ದಾರೆ.

ಭೀಮಾ ಅಣ್ಣಾ, ನಮ್ಮ ಹಿತ್ತಲಲ್ಲಿ ಬಚ್ಚಲ ನೀರು ಹೋಗುವ ಕಡೆ ಜಾಗ ಇದೆ. ಲಾವಂಚ ಬರುತ್ತದಾ?

ಭೀಮಾ ತೀರ
ಜೂನ್ 9, ಬೆಳಿಗ್ಗೆ 6:15

ಬರುತ್ತದೆ ತಂಗಿ. ನೀರು ನಿಂತರೂ ತಡೆಯುತ್ತದೆ, ಒಣಗಿದರೂ ತಡೆಯುತ್ತದೆ. ಸೋಪಿನ ನೀರು ನೇರ ಬೀಳದ ಕಡೆ ಹಚ್ಚು. ನಿನ್ನೆ ಇಲ್ಲಿ ಮಳೆ ಆಯಿತು, ಮಣ್ಣು ಹದವಾಗಿದೆ. ಬುಡ ಒಡೆದು ಐದಾರು ಸಸಿ ಮಾಡುತ್ತೇನೆ. ಒದ್ದೆ ಗೋಣಿಯಲ್ಲಿ ಸುತ್ತಿ ಗುರುವಾರದ ಬಸ್ಸಿಗೆ ಕೊಡಲಾ? ಕಂಡಕ್ಟರ್ ನಮ್ಮ ಊರಿನವನೇ.

ಬಿಸಿಲೂರ ಮಗಳು
ಜೂನ್ 9, ಬೆಳಿಗ್ಗೆ 8:20

ಕೊಡಿ ಅಣ್ಣಾ, ಬಸ್ ಸ್ಟ್ಯಾಂಡಿಗೆ ಬರುತ್ತೇನೆ. ಬೇರು ಯಾವಾಗ ತೆಗೆಯಬಹುದು?

ಭೀಮಾ ತೀರ
ಜೂನ್ 9, ಬೆಳಿಗ್ಗೆ 8:45

ಹದಿನೈದು, ಹದಿನೆಂಟು ತಿಂಗಳು ಬೇಕು.

ಬಿಸಿಲೂರ ಮಗಳು
ಜೂನ್ 9, ಬೆಳಿಗ್ಗೆ 8:47

ಅಯ್ಯೋ, ಅಷ್ಟೊತ್ತಿಗೆ ಇನ್ನೊಂದು ಮಾರ್ಚ್ ಬಂದು ಹೋಗಿರುತ್ತದೆ!

ಹೆಸರು ಬೇಡ
ಜೂನ್ 9, ಬೆಳಿಗ್ಗೆ 9:10

ಭೀಮಾ ಅಣ್ಣಾ, ಜಾಸ್ತಿ ಇದ್ದರೆ ನನಗೂ ಎರಡು ಸಸಿ ಇಡಿ. ನನ್ನ ಬದು ಈ ಸಲ ಖಾಲಿ ಇದೆ.